ಸ್ಟೇರಿಂಗ್ ಹಿಡಿದ ಹೆಣ್ಣಿನ ಮೇಲೆ ಯಾಕಿಷ್ಟು ಅನುಮಾನ? ಬಸ್ಸಿನಿಂದ ಕಾಕ್‌ಪಿಟ್‌ವರೆಗೆ ಒಂದು ಚರ್ಚೆ

ತುಂಗಾತೀರ (ಶಿವಮೊಗ್ಗ)

ರಸ್ತೆಯಲ್ಲಿ ಯಾವುದಾದರೂ ಕಾರು ಡಿವೈಡರ್ ಹತ್ತಿ ನಿಂತಿದ್ದರೆ, ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳುವ ಮೊದಲೇ "ಓಡಿಸಿದವಳು ಹೆಂಗಸೇ ಇರಬೇಕು" ಎಂಬ ಮಾತು ಬಂದುಬಿಡುತ್ತದೆ. ಓಡಿಸಿದವನು ಗಂಡಸು ಎಂದು ಗೊತ್ತಾದರೆ, ಕುಡಿದಿದ್ದನೋ, ನಿದ್ದೆಗೆಟ್ಟಿದ್ದನೋ, ಬ್ರೇಕ್ ಹಿಡಿಯಲಿಲ್ಲವೋ ಎಂದು ಜನ ಕಾರಣ ಹುಡುಕುತ್ತಾರೆ. ಹೆಂಗಸು ಎಂದು ಗೊತ್ತಾದರೆ ಹುಡುಕುವ ಕೆಲಸ ಅಲ್ಲಿಗೇ ಮುಗಿಯಿತು, ಅವಳು ಹೆಂಗಸಾಗಿರುವುದೇ ಸಾಕಷ್ಟು ಕಾರಣ. ಗಂಡಸಿನ ತಪ್ಪು ಅವನೊಬ್ಬನ ಲೆಕ್ಕಕ್ಕೆ ಸೇರುತ್ತದೆ, ಹೆಂಗಸಿನ ತಪ್ಪು ಇಡೀ ಹೆಣ್ಣುಕುಲದ ಲೆಕ್ಕಕ್ಕೆ.

2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನವನ್ನು ಹಾರಿಸಿದಾಗ ಅದರ ನಾಲ್ವರು ಪೈಲಟ್‌ಗಳೂ ಮಹಿಳೆಯರಾಗಿದ್ದರು. ಕ್ಯಾಪ್ಟನ್ ಝೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಆ ವಿಮಾನವು ಉತ್ತರ ಧ್ರುವದ ಮೇಲಿಂದ ಹಾದು, ಸುಮಾರು 16,000 ಕಿಲೋಮೀಟರ್ ದೂರವನ್ನು ಎಲ್ಲೂ ಇಳಿಯದೆ ಕ್ರಮಿಸಿ, ಜನವರಿ 11ರ ಬೆಳಗಿನ ಜಾವ ಕೆಂಪೇಗೌಡ ವಿಮಾನ ನಿಲ್ದಾಣವನ್ನು ತಲುಪಿತು. ಆ ಸುದ್ದಿಯನ್ನು ನಮ್ಮ ಮನೆಯವರ ಗುಂಪಿನಲ್ಲಿ ಹಂಚಿಕೊಂಡಾಗ, ಎಂಜಿನಿಯರಿಂಗ್ ಓದಿ ಒಳ್ಳೆಯ ಹುದ್ದೆಯಲ್ಲಿರುವ ಬಂಧುವೊಬ್ಬರು "ನಾಲ್ಕೂ ಜನ ಹೆಂಗಸರೇ ಎಂದು ಮೊದಲೇ ಗೊತ್ತಾಗಿದ್ದರೆ ನಾನಂತೂ ಹತ್ತುತ್ತಿರಲಿಲ್ಲ" ಎಂದು ಬರೆದರು. ಹಲವರು ನಗುವ ಚಿಹ್ನೆ ಹಾಕಿದರು. ಯಾರೂ ಅವರನ್ನು ಯಾಕೆ ಎಂದು ಕೇಳಲಿಲ್ಲ.

ಇಂಥ ಮಾತು ನೋವುಂಟುಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಾನು ಕೇಳಬೇಕೆಂದಿರುವುದು ಬೇರೆ. ಈ ಅಪನಂಬಿಕೆ ವಾಹನ ಓಡಿಸುವವರ, ವಿಮಾನ ಹಾರಿಸುವವರ ಕೆಲಸದೊಳಗೆ ಇಳಿದು ಅಲ್ಲಿ ಏನನ್ನು ಕೆಡಿಸುತ್ತದೆ? ಆ ಕ್ಷೇತ್ರಗಳ ಒಳಗನ್ನು ಬಲ್ಲವರು ದಯವಿಟ್ಟು ಬರೆಯಬೇಕು.

ಬಯಲುಸೀಮೆ (ದಾವಣಗೆರೆ)

ನಾನು ಭಿನ್ನಾಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ನನಗೆ ಮಹಿಳೆಯರ ಬಗ್ಗೆ ಅಗೌರವವಿಲ್ಲ, ನನ್ನ ಮಗಳಿಗೆ ಸ್ಕೂಟರ್ ಕೊಡಿಸಿದವನೂ ನಾನೇ. ಆದರೆ ದಿನವೂ ಪಿ. ಬಿ. ರಸ್ತೆಯಲ್ಲಿ ಓಡಾಡುವವನಾಗಿ ಕಣ್ಣಿಗೆ ಬೀಳುವುದನ್ನು ಇಲ್ಲವೆನ್ನಲಾರೆ. ಇಂಡಿಕೇಟರ್ ಹಾಕದೆ ತಿರುಗುವುದು, ವೃತ್ತದ ನಡುವೆ ಹಠಾತ್ತನೆ ನಿಂತುಬಿಡುವುದು, ಸ್ಕೂಟರಿನಿಂದ ಎರಡೂ ಕಾಲು ಕೆಳಗೆ ಬಿಟ್ಟುಕೊಂಡು ಸಾಗುವುದು ಮಹಿಳೆಯರಲ್ಲಿ ಹೆಚ್ಚು ಎಂಬುದು ನನ್ನ ಅನುಭವ. ಅನುಭವದಿಂದ ಮೂಡಿದ ಎಚ್ಚರಿಕೆಯನ್ನು ಪೂರ್ವಗ್ರಹ ಎಂದು ಕರೆಯುವುದು ಸರಿಯೇ? ವಿಮಾನದ ವಿಷಯದಲ್ಲಿ ನನಗೆ ಜ್ಞಾನವಿಲ್ಲ. ಆದರೆ ಪ್ರಾಣ ಒಪ್ಪಿಸಿ ಕೂರುವ ಪ್ರಯಾಣಿಕನಿಗೆ ಭಯಪಡುವ ಹಕ್ಕೂ ಇಲ್ಲವೆಂದರೆ ಹೇಗೆ?

ಕಡಲತಡಿ (ಮಂಗಳೂರು)

ನಾನು ವಿಮಾನಗಳ ನಿರ್ವಹಣಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಬಯಲುಸೀಮೆಯವರ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ಭಯಪಡುವ ಹಕ್ಕು ಪ್ರಯಾಣಿಕನಿಗೆ ಖಂಡಿತ ಇದೆ, ಆದರೆ ಯಾವುದಕ್ಕೆ ಭಯಪಡಬೇಕು ಎಂಬುದು ಮುಖ್ಯ. ಪ್ರಯಾಣಿಕ ವಿಮಾನದಲ್ಲಿ ಇಬ್ಬರು ಪೈಲಟ್‌ಗಳು ಕೂರುತ್ತಾರೆ. ಒಬ್ಬರು ವಿಮಾನವನ್ನು ಹಾರಿಸುತ್ತಿದ್ದರೆ ಇನ್ನೊಬ್ಬರು ಎತ್ತರ, ವೇಗ, ಇಳಿಯುವ ಕೋನ ಎಲ್ಲವನ್ನೂ ಗಮನಿಸುತ್ತ, ತಪ್ಪಿದ್ದನ್ನು ಆ ಕ್ಷಣವೇ ಬಾಯಿಬಿಟ್ಟು ಹೇಳಬೇಕು. ಯಾರು ಹಾರಿಸುವುದು, ಯಾರು ಗಮನಿಸುವುದು ಎಂಬುದು ಒಂದು ಹಾರಾಟದಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಕ್ಯಾಪ್ಟನ್ ಆದವರೇ ಸದಾ ಹಾರಿಸಬೇಕೆಂದಿಲ್ಲ. ಇಬ್ಬರೂ ನಿಗದಿತ ಅವಧಿಗೊಮ್ಮೆ ಸಿಮ್ಯುಲೇಟರಿನಲ್ಲಿ, ಅಂದರೆ ನೆಲದ ಮೇಲಿರುವ ಅಣಕು ಕಾಕ್‌ಪಿಟ್‌ನಲ್ಲಿ ಕುಳಿತು, ಒಂದು ಎಂಜಿನ್ ಕೆಟ್ಟಾಗ ಏರುವುದು, ಹೊಗೆ ತುಂಬಿದಾಗ ಇಳಿಸುವುದು, ಇಳಿಯುವುದನ್ನು ಕೊನೆಯ ಗಳಿಗೆಯಲ್ಲಿ ಕೈಬಿಟ್ಟು ಮತ್ತೆ ಮೇಲೇರುವುದು ಮುಂತಾದವನ್ನು ಪರೀಕ್ಷಕರ ಮುಂದೆ ಮಾಡಿ ತೋರಿಸಬೇಕು. ಉತ್ತೀರ್ಣರಾಗದಿದ್ದರೆ ಹಾರುವಂತಿಲ್ಲ. ಆ ಪರೀಕ್ಷೆಯಲ್ಲಿ ಮಹಿಳೆಯರಿಗೆಂದು ಸಡಿಲವಾದ ಬೇರೊಂದು ಪ್ರಶ್ನೆಪತ್ರಿಕೆ ಇಲ್ಲ.

ಈಗ ತುಂಗಾತೀರ ಅವರು ಕೇಳಿದ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಅದರ ಉತ್ತರ ನಮ್ಮ ಊರಿನಲ್ಲಿಯೇ ಇದೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕೆಂಜಾರಿನ ಕಣಿವೆಗೆ ಬಿದ್ದು 158 ಜನ ಸತ್ತರು, ಬದುಕಿದವರು ಎಂಟೇ ಮಂದಿ. ಕ್ಯಾಪ್ಟನ್ ಪ್ರಯಾಣದ ನಡುವೆ ಬಹಳ ಹೊತ್ತು ನಿದ್ರೆಯಲ್ಲಿದ್ದರೆಂದೂ, ವಿಮಾನ ಇರಬೇಕಾದ್ದಕ್ಕಿಂತ ತೀರ ಎತ್ತರದಲ್ಲಿದ್ದುಕೊಂಡು ಇಳಿಯುತ್ತಿದ್ದಾಗ ಸಹ ಪೈಲಟ್ "ಗೋ ಅರೌಂಡ್", ಅಂದರೆ ಇಳಿಯುವುದು ಬೇಡ, ಮೇಲೇರೋಣ ಎಂದು ಮೂರು ಸಲ ಹೇಳಿದರೆಂದೂ ತನಿಖೆಯಲ್ಲಿ ದಾಖಲಾಗಿದೆ. ಯಂತ್ರದ ಎಚ್ಚರಿಕೆಯ ಧ್ವನಿಯೂ ಮೊಳಗುತ್ತಿತ್ತು. ಕ್ಯಾಪ್ಟನ್ ಕೇಳಲಿಲ್ಲ.

ಆ ವಿಮಾನದ ಪೈಲಟ್‌ಗಳಿಬ್ಬರೂ ಗಂಡಸರೇ, ಆದ್ದರಿಂದ ಇದನ್ನು ಹೆಣ್ಣುಗಂಡಿನ ಪ್ರಕರಣವೆಂದು ನಾನು ಹೇಳುತ್ತಿಲ್ಲ. ಹೇಳುತ್ತಿರುವುದು ಇಷ್ಟು: ಕಾಕ್‌ಪಿಟ್‌ನಲ್ಲಿ ಕಿರಿಯರ ಮಾತು ಹಿರಿಯರ ಕಿವಿಗೆ ಬೀಳದಿದ್ದರೆ ಜನ ಸಾಯುತ್ತಾರೆ. ಇದಕ್ಕಾಗಿಯೇ ಜಗತ್ತಿನಾದ್ಯಂತ ಪೈಲಟ್‌ಗಳಿಗೆ ಒಬ್ಬರ ಮಾತನ್ನು ಇನ್ನೊಬ್ಬರು ಕೇಳುವ ತರಬೇತಿಯನ್ನು ಕಡ್ಡಾಯವಾಗಿ ಕೊಡುತ್ತಾರೆ. ಹುದ್ದೆಯ ಅಂತರವೊಂದೇ ಇಷ್ಟು ಕಿವುಡು ತರಬಲ್ಲದಾದರೆ, ಎಡಗಡೆ ಕುಳಿತ ಕ್ಯಾಪ್ಟನ್ನನ ಮನಸ್ಸಿನಲ್ಲಿ ಬಲಗಡೆ ಸಹ ಪೈಲಟ್ ಆಗಿ ಕುಳಿತವಳ ಬಗ್ಗೆ "ಇವಳಿಗೇನು ಗೊತ್ತು" ಎಂಬ ತಾತ್ಸಾರವೂ ಸೇರಿಕೊಂಡರೆ ಏನಾಗಬಹುದೆಂದು ಯೋಚಿಸಿ. ಅಥವಾ ಅವಳೇ, ನಾನು ಹೇಳಿದರೆ ಹೆದರುಪುಕ್ಕಲಿ ಎಂದುಕೊಳ್ಳುತ್ತಾರೆ ಎಂದು ಎರಡು ಸೆಕೆಂಡು ತಡೆದರೆ? ಇಳಿಯುವ ಹೊತ್ತಿನಲ್ಲಿ ಎರಡು ಸೆಕೆಂಡು ಸಣ್ಣ ಅವಧಿಯಲ್ಲ. ಮಹಿಳಾ ಪೈಲಟ್ ಬಗ್ಗೆ ಆಡುವ ಹಗುರ ಮಾತನ್ನು ನಾನು ಸುರಕ್ಷತೆಯ ಪ್ರಶ್ನೆಯೆಂದೇ ನೋಡುತ್ತೇನೆ, ಪ್ರಯಾಣಿಕನು ಭಯಪಡಬೇಕಾದ್ದು ಆ ತಾತ್ಸಾರಕ್ಕೆ.

ಕೋಟೆಬೀದಿ (ಬೀದರ್)

"ಪ್ರಯಾಣಿಕರು ಹೆದರುತ್ತಾರೆ" ಎಂಬ ವಾದ ತೀರ ಹಳೆಯದು. ಅದನ್ನು ಒಡ್ಡಿದ್ದು ಹೆಚ್ಚಾಗಿ ಪ್ರಯಾಣಿಕರಲ್ಲ, ಕೆಲಸ ಕೊಡಲು ಮನಸ್ಸಿಲ್ಲದವರು ಎಂಬುದನ್ನು ಗಮನಿಸಬೇಕು.

ಭಾರತದಲ್ಲಿ ಸರಳಾ ಠಕ್ರಾಲ್ 1936ರಲ್ಲಿಯೇ, ತಮ್ಮ 21ನೆಯ ವಯಸ್ಸಿನಲ್ಲಿ, ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದ್ದರು. ಸ್ವಾತಂತ್ರ್ಯ ಬಂದ ಹೊತ್ತಿಗೆ ಪ್ರೇಮ್ ಮಾಥುರ್ ಅವರ ಕೈಯಲ್ಲಿ ವಾಣಿಜ್ಯ ಪೈಲಟ್ ಪರವಾನಗಿ ಇತ್ತು. ಆದರೆ ಹೆಣ್ಣು ಹಾರಿಸುತ್ತಾಳೆಂದರೆ ಯಾರೂ ವಿಮಾನ ಹತ್ತುವುದಿಲ್ಲ ಎಂದು ಒಂದಾದ ಮೇಲೊಂದು ಸಂಸ್ಥೆ ಅವರನ್ನು ತಿರಸ್ಕರಿಸಿತು. ಕೊನೆಗೆ ಕೆಲಸ ಕೊಟ್ಟಿದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್. ಆಗ ನಮ್ಮ ಬೀದರ್ ಕೂಡ ನಿಜಾಮರ ಆಡಳಿತದಲ್ಲಿಯೇ ಇದ್ದುದರಿಂದ ಆ ಸಂಸ್ಥೆ ನಮ್ಮ ಸೀಮೆಯದೂ ಹೌದು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಆದರೆ ಅಲ್ಲಿಯೂ ಅವರನ್ನು ಸಹ ಪೈಲಟ್ ಸ್ಥಾನದಲ್ಲಿಯೇ ಇಟ್ಟರು, ವಿಮಾನದ ಹೊಣೆಯನ್ನು ಪೂರ್ತಿಯಾಗಿ ಒಪ್ಪಿಸಲಿಲ್ಲ. ಅದೇ ಹೆಣ್ಣುಮಗಳು 1949ರಲ್ಲಿ ರಾಷ್ಟ್ರೀಯ ವಿಮಾನ ಸ್ಪರ್ಧೆಯನ್ನು ಗೆದ್ದರು.

ಅಮೆರಿಕದ ಕತೆಯೂ ಬೇರೆಯಲ್ಲ. ಹೆಲನ್ ರಿಚಿ ಎಂಬವರನ್ನು 1934ರ ಕೊನೆಯಲ್ಲಿ ಸೆಂಟ್ರಲ್ ಏರ್‌ಲೈನ್ಸ್ ಪೈಲಟ್ ಆಗಿ ನೇಮಿಸಿಕೊಂಡಿತು. ಗಂಡಸರೇ ತುಂಬಿದ್ದ ಪೈಲಟ್‌ಗಳ ಸಂಘ ಅವರಿಗೆ ಸದಸ್ಯತ್ವ ಕೊಡಲಿಲ್ಲ, ಹವಾಮಾನ ಕೆಟ್ಟಿರುವಾಗ ಅವರನ್ನು ಹಾರಲು ಬಿಡಬಾರದೆಂದು ಸರ್ಕಾರಿ ಇಲಾಖೆಯೂ ಸೂಚಿಸಿತು. ಮೋಡ ಕವಿದ ದಿನ ಹಾರುವಂತಿಲ್ಲವೆಂದರೆ ಪೈಲಟ್ ಕೆಲಸವೇ ಇಲ್ಲವೆಂದಂತೆ. ಅವರು 1935ರಲ್ಲಿ ರಾಜೀನಾಮೆ ಕೊಟ್ಟರು. ಮೊದಲು ಅವಕಾಶವನ್ನು ಕಿತ್ತುಕೊಂಡು, ಆಮೇಲೆ ಅನುಭವವಿಲ್ಲವೆಂದು ದೂರುವ ಈ ಕ್ರಮ ಎಲ್ಲ ದೇಶಗಳಲ್ಲಿಯೂ ಒಂದೇ ರೀತಿ ನಡೆದುಬಂದಿದೆ.

ಸೇನೆಯಲ್ಲಿ ಈ ವಾದ ಇನ್ನೊಂದು ವೇಷದಲ್ಲಿ ಬಂತು. 1999ರ ಕಾರ್ಗಿಲ್ ಯುದ್ಧದಲ್ಲಿ ಗುಂಜನ್ ಸಕ್ಸೇನಾ ಮತ್ತು ಶ್ರೀವಿದ್ಯಾ ರಾಜನ್ ಅವರು ಚೀತಾ ಹೆಲಿಕಾಪ್ಟರ್ ಹಾರಿಸಿದ್ದರು. ಅದಾಗಿ ಎರಡು ದಶಕಗಳ ನಂತರವೂ, ಭೂಸೇನೆಯ ಮಹಿಳಾ ಅಧಿಕಾರಿಗಳಿಗೆ ಕಾಯಂ ನೇಮಕಾತಿ ಕೊಡುವ ಪ್ರಕರಣದಲ್ಲಿ, ಗ್ರಾಮೀಣ ಹಿನ್ನೆಲೆಯಿಂದ ಬಂದ ಸೈನಿಕರು ಮಹಿಳೆಯ ಆಜ್ಞೆ ಪಾಲಿಸಲು ಮಾನಸಿಕವಾಗಿ ಸಿದ್ಧರಿಲ್ಲ ಎಂಬ ಮಾತನ್ನು ಕೇಂದ್ರ ಸರ್ಕಾರವೇ ಸುಪ್ರೀಂ ಕೋರ್ಟಿನ ಮುಂದಿಟ್ಟಿತು. 2020ರ ಫೆಬ್ರುವರಿ 17ರ ತೀರ್ಪಿನಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನಾವು ಹಳ್ಳಿಯವರು ಎಂಬುದನ್ನು ಹೆಣ್ಣುಮಕ್ಕಳನ್ನು ತಡೆಯುವ ನೆಪವಾಗಿ ಬಳಸಿದ್ದು ನನ್ನನ್ನು ಇವತ್ತಿಗೂ ಕೆರಳಿಸುತ್ತದೆ.

ವಾಯುಪಡೆಯ ಮೊದಲ ಮೂವರು ಮಹಿಳಾ ಯುದ್ಧವಿಮಾನ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಅವರು 2016ರಲ್ಲಿ ಅಧಿಕಾರಿಗಳಾದ ಮೇಲೆ ಹಾಕ್ ವಿಮಾನದ ತರಬೇತಿ ಪಡೆದದ್ದು ಇದೇ ಬೀದರಿನಲ್ಲಿ. ನಮ್ಮ ತಲೆಯ ಮೇಲೆ ಹಾಕ್ ವಿಮಾನ ಗುಡುಗುತ್ತ ಹೋಗುವುದು ನಿತ್ಯದ ಮಾತು. ಕೆಳಗೆ ನಿಂತು ನೋಡುವವರಿಗೆ ಒಳಗಿರುವವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ, ತಿಳಿಯಬೇಕಾದ ಅಗತ್ಯವೂ ಬಂದಿಲ್ಲ.

ಉಣಕಲ್ (ಹುಬ್ಬಳ್ಳಿ)

ಬಯಲುಸೀಮೆಯವರೇ, ವೃತ್ತದ ನಡುವೆ ನಿಂತುಬಿಟ್ಟ ಹೆಂಗಸರಲ್ಲಿ ನಾನೂ ಒಬ್ಬಳು. ಆದ್ದರಿಂದ ಆ ಕ್ಷಣದಲ್ಲಿ ಕಾರಿನೊಳಗೆ ಏನಾಗುತ್ತದೆ ಎಂಬುದನ್ನು ಹೇಳುತ್ತೇನೆ.

ಏರಿನಲ್ಲಿ ಸಿಗ್ನಲ್ ಬಿದ್ದಿದೆ. ಹಸಿರು ಬಂದ ಕೂಡಲೇ ಹಾಫ್ ಕ್ಲಚ್‌ನಲ್ಲಿ ಗಾಡಿಯನ್ನು ತಡೆದು, ಎಂಜಿನ್ ಸದ್ದು ಬದಲಾಗುವುದನ್ನು ಕೇಳಿಸಿಕೊಂಡು, ಹ್ಯಾಂಡ್‌ಬ್ರೇಕ್ ಇಳಿಸಿ, ಆಕ್ಸಿಲರೇಟರ್ ಒತ್ತಬೇಕು. ಅಷ್ಟರಲ್ಲಿ ಹಿಂದಿನಿಂದ ಹಾರ್ನ್ ಶುರುವಾಗುತ್ತದೆ. ಕನ್ನಡಿಯಲ್ಲಿ ನೋಡಿದರೆ ಹಿಂದಿನವನು ಕೈಯೆತ್ತಿ ಏನೋ ಹೇಳುತ್ತಿರುತ್ತಾನೆ. ಪಕ್ಕದಲ್ಲಿ ಕುಳಿತ ಮನೆಯವರು "ಬಿಡು, ಬಿಡು, ಕ್ಲಚ್ ಬಿಡು" ಎನ್ನುತ್ತಾರೆ. ಆ ಹಾರ್ನಿಗೆ, ಆ "ಬಿಡು"ವಿಗೆ ಎಡಗಾಲು ಜಿಗಿದು ಮೇಲೇಳುತ್ತದೆ, ಗಾಡಿ ಒಮ್ಮೆ ಕುಲುಕಿ ಆಫ್ ಆಗುತ್ತದೆ. ಈಗ ಮೂರು ಹಾರ್ನ್. ಕಲಿಯುತ್ತಿರುವ ಹುಡುಗನ ಗಾಡಿ ಹೀಗೆ ನಿಂತರೆ ಪಕ್ಕದ ಆಟೋದವರು "ನಿಧಾನ ಬಿಡಪ್ಪಾ" ಎನ್ನುವುದನ್ನು ನಾನೇ ಕೇಳಿದ್ದೇನೆ. ನನಗೆ ಸಿಕ್ಕಿದ್ದು "ಮನೀ ಕೆಲಸ ನೋಡ್ಕೊಳ್ಳೋದು ಬಿಟ್ಟು ಯಾಕ್ ಬೇಕಾಗಿತ್ತು ಇದೆಲ್ಲಾ".

ಇನ್ನು ಅನುಭವದ ಮಾತು. ಬಹುತೇಕ ಮನೆಗಳಲ್ಲಿ ಇರುವುದು ಒಂದೇ ಕಾರು, ಕೀಲಿ ಇರುವುದು ಗಂಡನ ಜೇಬಿನಲ್ಲಿ ಅಥವಾ ಮಗನ ಕೈಯಲ್ಲಿ. ಡ್ರೈವಿಂಗ್ ಶಾಲೆಯಲ್ಲಿ ಕಲಿತು, ಆರ್‌ಟಿಒ ಟ್ರ್ಯಾಕಿನಲ್ಲಿ ಎಂಟು ಹಾಕಿ ತೋರಿಸಿ, ಪರವಾನಗಿ ಕೈಗೆ ಬಂದ ಮೇಲೆ ಆ ಹೆಂಗಸಿಗೆ ಗಾಡಿ ಸಿಗುವುದು ಭಾನುವಾರ ಬೆಳಿಗ್ಗೆ, ರಸ್ತೆ ಖಾಲಿ ಇದ್ದಾಗ, ಅದೂ ಪಕ್ಕದಲ್ಲಿ ಒಬ್ಬರು ಕುಳಿತಿದ್ದರೆ ಮಾತ್ರ. ಹಬ್ಬಕ್ಕೆ ಊರಿಗೆ ಹೋಗುವಾಗ, ಮಳೆಯಲ್ಲಿ, ರಾತ್ರಿಯಲ್ಲಿ, ಅಂದರೆ ನಿಜವಾಗಿ ಕಲಿಯುವಂಥ ಹೊತ್ತಿನಲ್ಲೆಲ್ಲ ಸ್ಟೇರಿಂಗ್ ಗಂಡಸಿನದು. ಹೀಗೆ ಹತ್ತು ವರ್ಷ ಕಳೆದ ಮೇಲೆ "ಲೈಸೆನ್ಸ್ ಇದ್ದರೂ ಅವಳಿಗೆ ಧೈರ್ಯವಿಲ್ಲ" ಎಂದು ಮನೆಯವರೇ ತೀರ್ಪು ಕೊಡುತ್ತಾರೆ. ಕೋಟೆಬೀದಿಯವರು ಹೆಲನ್ ರಿಚಿ ಅವರ ವಿಷಯದಲ್ಲಿ ಹೇಳಿದ್ದು ನಮ್ಮ ಮನೆಯಂಗಳದಲ್ಲಿ ದಿನವೂ ನಡೆಯುತ್ತಿದೆ. ನನ್ನ ತಡವರಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ, ಅದು ಹುಟ್ಟಿನಿಂದ ಬಂದದ್ದೆಂಬುದನ್ನು ಮಾತ್ರ ಒಪ್ಪುವುದಿಲ್ಲ.

ಬಯಲುಸೀಮೆ (ದಾವಣಗೆರೆ)

ಅಭ್ಯಾಸದ ಕೊರತೆಯ ಮಾತು ಯೋಚಿಸತಕ್ಕದ್ದು, ಅದನ್ನು ಒಪ್ಪುತ್ತೇನೆ. ಆದರೆ ಭಾರಿ ವಾಹನಗಳ ವಿಷಯದಲ್ಲಿ ದೇಹಬಲದ ವ್ಯತ್ಯಾಸವನ್ನು ಅಲ್ಲಗಳೆಯಲಾಗದು. ಇನ್ನೊಂದು ಮಾತು. ಅಪಘಾತದಲ್ಲಿ ಸಾಯುವ, ಸಾಯಿಸುವ ಚಾಲಕರಲ್ಲಿ ಗಂಡಸರೇ ಹೆಚ್ಚು ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಓಡಿಸುವವರಲ್ಲಿ ಗಂಡಸರೇ ಹೆಚ್ಚು, ಆದ್ದರಿಂದ ಆ ಹೋಲಿಕೆ ನ್ಯಾಯವಲ್ಲ.

ಕೆಂಪುಬಸ್ (ಹಾಸನ)

ನಾನು ಸಾರಿಗೆ ನಿಗಮದ ಡಿಪೊದಲ್ಲಿ ಕೆಲಸ ಮಾಡಿದವನು, ದೇಹಬಲದ ಮಾತಿಗೆ ನಾನು ಉತ್ತರಿಸುತ್ತೇನೆ. ಹಿಂದೆ ಪವರ್ ಸ್ಟೇರಿಂಗ್ ಇಲ್ಲದ ಬಸ್ಸುಗಳನ್ನು ಘಾಟಿಯಲ್ಲಿ ತಿರುಗಿಸಲು ತೋಳಿನ ಕಸುವು ಬೇಕಾಗುತ್ತಿತ್ತು ಎಂಬುದು ನಿಜ. ಈಗಿನ ಬಸ್ಸುಗಳಲ್ಲಿ ಪವರ್ ಸ್ಟೇರಿಂಗ್ ಇದೆ, ಗಾಳಿಯ ಒತ್ತಡದ ಬ್ರೇಕ್ ಇದೆ. ಶಿರಾಡಿಯನ್ನು ಇಳಿಸುವಾಗ ಬೇಕಾಗುವುದು ಸರಿಯಾದ ಗೇರಿನಲ್ಲಿ ಇಳಿಯುವ ತಿಳಿವಳಿಕೆ, ಮುಂದಿನ ಲಾರಿಯಿಂದ ದೂರ ಕಾಯ್ದುಕೊಳ್ಳುವ ತಾಳ್ಮೆ, ನಿದ್ದೆ ಮಾಡಿದ ಕಣ್ಣು. ಇವುಗಳಲ್ಲಿ ಯಾವುದೂ ತೋಳಿನಲ್ಲಿಲ್ಲ.

ತಮಿಳುನಾಡಿನಲ್ಲಿ ವಸಂತಕುಮಾರಿ ಅವರು 1993ರಲ್ಲಿಯೇ ಸರ್ಕಾರಿ ಬಸ್ಸಿನ ಚಾಲಕಿಯಾದರು. ಬೆಂಗಳೂರಿನ ಬಿಎಂಟಿಸಿಯಲ್ಲಿ ಪ್ರೇಮಾ ರಾಮಪ್ಪ ನಡಪಟ್ಟಿ ಅವರು 2009ರಲ್ಲಿ ಕೆಲಸಕ್ಕೆ ಸೇರಿ ಆ ನಗರದ ವಾಹನದಟ್ಟಣೆಯಲ್ಲಿ ಬಸ್ ಓಡಿಸಿದರು. ರೈಲಿನಲ್ಲಿ ಮಹಾರಾಷ್ಟ್ರದ ಸುರೇಖಾ ಯಾದವ್ ಅವರು 1980ರ ದಶಕದ ಕೊನೆಯಲ್ಲಿಯೇ ಎಂಜಿನ್ ಹತ್ತಿ, 2023ರ ಮಾರ್ಚ್‌ನಲ್ಲಿ ಸೊಲ್ಲಾಪುರದಿಂದ ಮುಂಬೈಗೆ ವಂದೇ ಭಾರತ್ ರೈಲನ್ನು ಓಡಿಸಿದರು, ಅದೂ ಕಡಿದಾದ ಭೋರ್ ಘಾಟಿಯ ಮಾರ್ಗದಲ್ಲಿ.

ಹಾಗಾದರೆ ಬಸ್ಸಿನಲ್ಲಿ ಮಹಿಳಾ ಕಂಡಕ್ಟರ್‌ಗಳು ಇಷ್ಟೊಂದು ಜನ ಇದ್ದೂ ಚಾಲಕಿಯರು ಬೆರಳೆಣಿಕೆಯಷ್ಟೇ ಯಾಕೆ? ನಾನು ಕಂಡ ಅಡ್ಡಿಗಳು ಯಾವುವೂ ಎಂಜಿನ್ನಿನ ಹತ್ತಿರದವಲ್ಲ. ಭಾರಿ ವಾಹನದ ಪರವಾನಗಿ ಬೇಕಾದರೆ ಮೊದಲು ಲಾರಿಯನ್ನೋ ಬಸ್ಸನ್ನೋ ಓಡಿಸಿ ಕೈಪಳಗಿರಬೇಕು. ಹುಡುಗರು ಊರಿನ ಟೆಂಪೊ, ಲಾರಿಗಳಲ್ಲಿ ಕ್ಲೀನರ್ ಆಗಿ ಸೇರಿ ಕಲಿತುಬಿಡುತ್ತಾರೆ. ಹುಡುಗಿಯನ್ನು ಯಾವ ಲಾರಿ ಮಾಲೀಕ ಕ್ಲೀನರ್ ಆಗಿ ಸೇರಿಸಿಕೊಳ್ಳುತ್ತಾನೆ? ಅದನ್ನೂ ದಾಟಿ ಬಂದವಳಿಗೆ ಮುಂದಿನ ಸಮಸ್ಯೆ ನೈಟ್ ಹಾಲ್ಟ್. ಕೊನೆಯ ಟ್ರಿಪ್ ಮುಗಿಸಿ ಯಾವುದೋ ಹಳ್ಳಿಯಲ್ಲಿ ಬಸ್ ನಿಲ್ಲಿಸಿ, ಚಾಲಕ ಮತ್ತು ಕಂಡಕ್ಟರ್ ಬಸ್ಸಿನೊಳಗೇ ಮಲಗಿ, ಬೆಳಗಾಗುವ ಮೊದಲು ಹೊರಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಗಂಡಸರು ಬೇಲಿಯ ಮರೆಗೆ ಹೋಗಿ ಬರುತ್ತಾರೆ. ಹೆಂಗಸಿಗೆ ಅಲ್ಲಿ ಶೌಚಾಲಯವಿಲ್ಲ, ಬೀಗ ಹಾಕಿಕೊಂಡು ಮಲಗಲು ಒಂದು ಕೋಣೆಯೂ ಇಲ್ಲ. ಹಗಲಿನ ಮಾರ್ಗಗಳಲ್ಲಿ ಕೆಲಸ ಮಾಡುವ ಕಂಡಕ್ಟರ್ ಹೆಣ್ಣುಮಕ್ಕಳು ಸಂಜೆಯವರೆಗೆ ನೀರು ಕುಡಿಯದೆ ಇರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದನ್ನೆಲ್ಲ ಸರಿಪಡಿಸುವುದು ಆಡಳಿತದ ಕೆಲಸ. ಅದನ್ನು ಮಾಡದೆ "ಹೆಂಗಸರು ಮುಂದೆ ಬರುವುದಿಲ್ಲ" ಎಂದು ಹೇಳುವುದು ಸುಲಭವಾಗಿದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸುಗಳ ತುಂಬ ಮಹಿಳೆಯರೇ ಕಾಣುತ್ತಾರೆ. ಅವರಲ್ಲಿ ಒಬ್ಬ ಹುಡುಗಿಯಾದರೂ ಚಾಲಕರ ಸೀಟಿನತ್ತ ನೋಡಿ ತಾನೂ ಅಲ್ಲಿ ಕೂರಬಹುದು ಎಂದುಕೊಳ್ಳುವಂತೆ ಆ ಸೀಟಿನಲ್ಲಿ ಆಗೀಗಲಾದರೂ ಒಬ್ಬ ಹೆಂಗಸು ಕಾಣಬೇಡವೇ?

ರೈನ್‌ತೀರ (ಜರ್ಮನಿ)

ನಾನು ಮ್ಯಾನ್‌ಹೈಮ್ ನಗರದ ಹತ್ತಿರ ಇರುವ ಕನ್ನಡಿತಿ, ವಾಹನ ತಯಾರಿಕೆಯ ಕ್ಷೇತ್ರದಲ್ಲಿದ್ದೇನೆ. ಕಾರಿನಲ್ಲಿ ಮೊದಲ ದೂರಪ್ರಯಾಣ ಮಾಡಿದ್ದು ಒಬ್ಬ ಹೆಂಗಸು. 1888ರ ಆಗಸ್ಟ್‌ನಲ್ಲಿ ಬರ್ಥಾ ಬೆಂಜ್ ಅವರು ಗಂಡನಿಗೆ ತಿಳಿಸದೆ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮ್ಯಾನ್‌ಹೈಮ್‌ನಿಂದ ಸುಮಾರು ನೂರು ಕಿಲೋಮೀಟರ್ ದೂರದ ಫೋರ್ಜ್‌ಹೈಮ್‌ಗೆ ಹೋದರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು, ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡರು, ಸವೆದ ಮರದ ಬ್ರೇಕಿಗೆ ದಾರಿಯಲ್ಲಿ ಚರ್ಮ ಹೊಡೆಸಿದರು. ಆ ಗಾಡಿ ಜನರ ಬಳಕೆಗೆ ಯೋಗ್ಯವೆಂದು ಲೋಕಕ್ಕೆ ತೋರಿಸಿದ್ದು ಆ ಪ್ರಯಾಣ.

ಬಯಲುಸೀಮೆಯವರು ಹೋಲಿಕೆಯ ಬಗ್ಗೆ ಎತ್ತಿದ ಆಕ್ಷೇಪಣೆ ಸರಿಯಾದದ್ದು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವುಗಳಲ್ಲಿ ಹತ್ತಕ್ಕೆ ಏಳರಷ್ಟು ಸಾವುಗಳನ್ನು ಸರ್ಕಾರದ ವರದಿ ಅತಿವೇಗದ ಲೆಕ್ಕಕ್ಕೆ ಸೇರಿಸಿದೆ. ಆ ಅಂಕಿಯಿಂದ ಗಂಡುಹೆಣ್ಣಿನ ಸಾಮರ್ಥ್ಯವನ್ನು ಅಳೆಯಲಾಗದು. ಆದರೆ ಹಣ ಹೂಡಿ ಲೆಕ್ಕ ಹಾಕುವವರು ವಿಮೆ ಕಂಪನಿಗಳವರು, ಅವರಿಗೆ ಹೆಣ್ಣಿನ ಮೇಲೆ ವಿಶೇಷ ಪ್ರೀತಿಯೇನೂ ಇಲ್ಲ. ಯುರೋಪಿನ ಹಲವೆಡೆ ಅವರು ಯುವಕರಿಗಿಂತ ಯುವತಿಯರಿಗೆ ಕಾರು ವಿಮೆಯನ್ನು ಕಡಿಮೆ ದರದಲ್ಲಿ ಕೊಡುತ್ತಿದ್ದರು, ಏಕೆಂದರೆ ಯುವಕರ ಅಪಘಾತಗಳು ಅವರಿಗೆ ದುಬಾರಿಯಾಗುತ್ತಿದ್ದವು. ಹಾಗೆ ಲಿಂಗದ ಆಧಾರದ ಮೇಲೆ ಬೇರೆ ಬೇರೆ ದರ ಹಾಕುವುದು ಸಮಾನತೆಗೆ ವಿರುದ್ಧವೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2011ರಲ್ಲಿ ತೀರ್ಪು ಕೊಟ್ಟಿತು, 2012ರ ಡಿಸೆಂಬರ್‌ನಿಂದ ಅದು ನಿಂತಿತು. ಆ ತೀರ್ಪು ನನಗೆ ಸರಿಯೆನಿಸುತ್ತದೆ. ಒಬ್ಬ ಎಚ್ಚರದ ಹುಡುಗ ಬೇರೆ ಹುಡುಗರ ಹುಚ್ಚಾಟಕ್ಕೆ ದಂಡ ಕಟ್ಟಬಾರದು ಎಂದಾದರೆ, ಒಬ್ಬ ಹೆಂಗಸು ಬೇರೆ ಯಾರೋ ಹೆಂಗಸಿನ ತಪ್ಪಿಗೆ ನಗೆಪಾಟಲಾಗಬಾರದು.

ಇನ್ನೊಂದು ವಿಷಯ ನನ್ನ ಕೆಲಸಕ್ಕೆ ಸೇರಿದ್ದು. ಕಾರಿನ ಸುರಕ್ಷತಾ ಪರೀಕ್ಷೆಯಲ್ಲಿ ಕೂರಿಸುವ ಬೊಂಬೆಯನ್ನು ದಶಕಗಳ ಕಾಲ ಮುಖ್ಯವಾಗಿ ಸರಾಸರಿ ಗಂಡಸಿನ ಅಳತೆಗೇ ಮಾಡಲಾಗುತ್ತಿತ್ತು. ಹೆಣ್ಣು ಬೊಂಬೆ ಎಂದು ಬಳಸುತ್ತಿದ್ದುದು ಬಹುಮಟ್ಟಿಗೆ ಅದನ್ನೇ ಕುಗ್ಗಿಸಿದ ರೂಪ. ಸೀಟ್‌ಬೆಲ್ಟ್ ಕಟ್ಟಿಕೊಂಡ ಚಾಲಕರನ್ನು ಹೋಲಿಸಿದಾಗ ಮಹಿಳೆಯರಿಗೆ ತೀವ್ರ ಗಾಯವಾಗುವ ಸಂಭವ ಶೇ 47ರಷ್ಟು ಹೆಚ್ಚು ಎಂದು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದರು. ಕುಳ್ಳಗಿರುವ ಹೆಂಗಸು ಪೆಡಲ್ ಎಟುಕಿಸಿಕೊಳ್ಳಲು ಸೀಟನ್ನು ಮುಂದೆಳೆದುಕೊಂಡು ಸ್ಟೇರಿಂಗಿಗೆ ಆತು ಕೂತಿದ್ದನ್ನು ನೋಡಿ "ಹೆದರಿಕೊಂಡು ಓಡಿಸುತ್ತಾಳೆ" ಎನ್ನುವವರು, ಆ ಸೀಟು, ಆ ಪೆಡಲ್, ಆ ಬೆಲ್ಟು ಯಾರ ಮೈಯಳತೆಗೆ ಆಗಿದ್ದೆಂಬುದನ್ನೂ ನೋಡಬೇಕು.

ಮರಳುನಾಡು (ಉಡುಪಿ, ಹಿಂದೆ ರಿಯಾದ್)

ಸೌದಿ ಅರೇಬಿಯಾದಲ್ಲಿ ಮಹಿಳೆಯರು ಕಾರು ಓಡಿಸಲು ಅನುಮತಿ ಬಂದದ್ದು 2018ರ ಜೂನ್ 24ರಂದು. ಅದಕ್ಕೂ ಸುಮಾರು 28 ವರ್ಷ ಹಿಂದೆ, 1990ರ ನವೆಂಬರ್ 6ರಂದು, 47 ಮಹಿಳೆಯರು ರಿಯಾದ್ ನಗರದಲ್ಲಿ ಸಾಲಾಗಿ ಕಾರು ಓಡಿಸಿ ಬಂಧನಕ್ಕೊಳಗಾಗಿದ್ದರು, ಅವರಲ್ಲಿ ಹಲವರ ಪಾಸ್‌ಪೋರ್ಟ್ ಕಿತ್ತುಕೊಳ್ಳಲಾಯಿತು, ಕೆಲಸವೂ ಹೋಯಿತು. ಹೆಣ್ಣಿನ ರಕ್ಷಣೆಗಾಗಿಯೇ ಈ ನಿಷೇಧ ಎಂದು ಅಲ್ಲಿ ಹೇಳುತ್ತಿದ್ದರು. ಆ ರಕ್ಷಣೆಯ ಪರಿಣಾಮವಾಗಿ ಮಗುವಿಗೆ ಜ್ವರ ಬಂದ ರಾತ್ರಿ ತಾಯಿ ಯಾವನೋ ಅಪರಿಚಿತ ಚಾಲಕನಿಗಾಗಿ ಬಾಗಿಲಲ್ಲಿ ಕಾಯಬೇಕಾಗಿತ್ತು. ಕೀಲಿ ಗಂಡನ ಜೇಬಿನಲ್ಲಿರುತ್ತದೆ ಎಂದು ಉಣಕಲ್ ಅವರು ಬರೆದದ್ದನ್ನು ಓದಿದಾಗ, ಕಾನೂನಿಲ್ಲದೆಯೂ ಅಂಥ ನಿಷೇಧವನ್ನು ಮನೆಮನೆಯಲ್ಲಿ ನಡೆಸಬಹುದು ಎಂದು ಅನಿಸಿತು.

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ಕೃತಜ್ಞತೆಗಳು. ಕಡಲತಡಿಯವರು ಬರೆದದ್ದನ್ನು ನಾನು ಆ ಬಂಧುವಿಗೆ ಕಳುಹಿಸಿದ್ದೇನೆ.

ಭಾರತದ ಪೈಲಟ್‌ಗಳಲ್ಲಿ ಮಹಿಳೆಯರು ಶೇ 15ರಷ್ಟಿದ್ದು, ಜಗತ್ತಿನ ಸರಾಸರಿ ಶೇ 5ರ ಆಸುಪಾಸಿನಲ್ಲಿದೆ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿದೆ. 1985ರಲ್ಲಿ ಸೌದಾಮಿನಿ ದೇಶಮುಖ್ ಅವರು ಕೋಲ್ಕತ್ತಾದಿಂದ ಸಿಲ್ಚರ್‌ಗೆ ಮಹಿಳೆಯರೇ ಇದ್ದ ಸಿಬ್ಬಂದಿಯೊಂದಿಗೆ ಫೋಕರ್ ವಿಮಾನ ಹಾರಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಇಷ್ಟು ವರ್ಷಗಳ ಮೇಲೂ ಮಾರ್ಚ್ 8ರಂದು ಅಂಥದೇ ಚಿತ್ರ, ಅಂಥದೇ ತಲೆಬರಹ ಬರುತ್ತದೆ. ಈ ಸಂಭ್ರಮದ ಬಗ್ಗೆ ನನಗೆ ತಕರಾರಿದೆ. ಚಿತ್ರ ನೋಡಿ ಒಬ್ಬ ಹುಡುಗಿಗೆ ಆಸೆ ಹುಟ್ಟುವುದಾದರೆ ಒಳ್ಳೆಯದೇ. ಆದರೆ ಪುಟ್ಟ ಅದ್ಭುತವೊಂದು ನಡೆಯಿತೆಂಬ ಧಾಟಿಯಲ್ಲಿ ಬರೆದಷ್ಟೂ, ಹೆಣ್ಣು ವಿಮಾನ ಹಾರಿಸುವುದು ಸಹಜವಲ್ಲ ಎಂಬ ಭಾವನೆ ಗಟ್ಟಿಯಾಗುತ್ತದೆ. ಅದ್ಭುತವೆಂದು ಕೈಮುಗಿಯುವವರೇ ಸಣ್ಣ ತಪ್ಪು ಕಂಡ ದಿನ "ಮೊದಲೇ ಹೇಳಿದ್ದೆವಲ್ಲ" ಎನ್ನುತ್ತಾರೆ. ಇದರ ಬದಲು ಮಹಿಳಾ ಪೈಲಟ್ ಗರ್ಭಿಣಿಯಾದಾಗ ಅವಳ ಸಂಬಳ, ಹಿರಿತನ, ಹಾರಾಟದ ಅರ್ಹತೆ ಏನಾಗುತ್ತದೆ, ಹೆರಿಗೆಯ ನಂತರ ಮತ್ತೆ ಕಾಕ್‌ಪಿಟ್‌ಗೆ ಮರಳಲು ಸಂಸ್ಥೆ ಯಾವ ವ್ಯವಸ್ಥೆ ಮಾಡಿದೆ ಎಂದು ಪತ್ರಿಕೆಯವರು ವಿಚಾರಿಸಿ ಬರೆದರೆ ನಾನು ಮೆಚ್ಚುತ್ತೇನೆ. ಗಗನಸಖಿ ಮೊದಲ ಸಲ ಗರ್ಭಿಣಿಯಾದರೆ ಕೆಲಸದಿಂದ ತೆಗೆಯಬಹುದೆಂಬ ನಿಯಮವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಬೇಕಾಗಿ ಬಂದದ್ದು 1981ರಲ್ಲಿ. ಆಕಾಶದಲ್ಲಿ ದುಡಿಯುವ ಹೆಣ್ಣಿನ ಬಗ್ಗೆ ನಮ್ಮ ಸಂಸ್ಥೆಗಳು ಹೇಗೆ ಯೋಚಿಸುತ್ತಿದ್ದವು ಎಂಬುದು ಅದರಿಂದ ತಿಳಿಯುತ್ತದೆ.

ಹಣದ ಮಾತೂ ಇದೆ. ಪೈಲಟ್ ತರಬೇತಿಗೆ ಹತ್ತಾರು ಲಕ್ಷ ರೂಪಾಯಿ ಬೇಕು. ಮಗನಿಗಾದರೆ ತೋಟ ಅಡವಿಟ್ಟು ಸಾಲ ತರುವ ಮನೆಗಳಿವೆ. ಮಗಳಿಗೆ ಅಷ್ಟೇ ಹಣವನ್ನು ಮದುವೆಗೆಂದು ಎತ್ತಿಟ್ಟಿರುತ್ತಾರೆ. ತರಬೇತಿಗೆ ಕೊಡಿ ಎಂದರೆ, ನಾಳೆ ಗಂಡನ ಮನೆಯವರು ಹಾರಲು ಬಿಡದಿದ್ದರೆ ಎಂಬ ಪ್ರಶ್ನೆ ಎದುರಾಗುತ್ತದೆ.

ಉಣಕಲ್ (ಹುಬ್ಬಳ್ಳಿ)

ನನ್ನ ಅಕ್ಕನ ಮಗಳು ಈಗ ಪಿಯುಸಿ ಎರಡನೇ ವರ್ಷದಲ್ಲಿ ವಿಜ್ಞಾನ ಓದುತ್ತಿದ್ದಾಳೆ, ಪೈಲಟ್ ಆಗಬೇಕೆಂಬ ಹಟದಲ್ಲಿದ್ದಾಳೆ. ಮನೆಯಲ್ಲಿ ಅವಳ ಪರವಾಗಿ ಮಾತನಾಡಬೇಕಾದವಳು ನಾನೊಬ್ಬಳೇ. ಕಡಲತಡಿಯವರೇ, ಮೊದಲು ಏನು ಮಾಡಬೇಕು ಎಂಬುದನ್ನು ತಿಳಿಸುವಿರಾ?

ಕಡಲತಡಿ (ಮಂಗಳೂರು)

ಸಂತೋಷದಿಂದ ತಿಳಿಸುತ್ತೇನೆ, ತಂಗಿ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು, ಅವಳಿಗೆ ಎರಡೂ ಇದ್ದರೆ ಮೊದಲ ಚಿಂತೆ ತೀರಿತು. ಯಾವ ತರಬೇತಿ ಸಂಸ್ಥೆಗೂ ಹಣ ಕಟ್ಟುವ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ. ಮೊದಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಗೊತ್ತುಪಡಿಸಿದ ವೈದ್ಯರಲ್ಲಿ ಎರಡನೇ ದರ್ಜೆಯ ಪರೀಕ್ಷೆ, ಆಮೇಲೆ ಒಂದನೇ ದರ್ಜೆಯದು. ಒಂದನೇ ದರ್ಜೆಯ ಪರೀಕ್ಷೆ ಮಾಡುವ ಕೇಂದ್ರಗಳಲ್ಲಿ ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯೂ ಒಂದು. ಬಣ್ಣ ಗುರುತಿಸುವುದರಲ್ಲಿ ದೋಷವಿದ್ದರೆ ಆರಂಭದಲ್ಲಿಯೇ ಗೊತ್ತಾಗುತ್ತದೆ. ಕನ್ನಡಕ ಹಾಕುವವಳಾದರೆ ಗಾಬರಿಯಾಗಬೇಡಿ, ಮಿತಿಯೊಳಗಿದ್ದರೆ ಅದು ಅಡ್ಡಿಯಲ್ಲ. ವಾಣಿಜ್ಯ ಪೈಲಟ್ ಪರವಾನಗಿಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಿರಬೇಕು, ವಾಯು ಸಂಚಾರ ನಿಯಮ, ಹವಾಮಾನ, ಪಥನಿರ್ಣಯ ಮುಂತಾದ ವಿಷಯಗಳ ಪರೀಕ್ಷೆ ಪಾಸಾಗಿರಬೇಕು. ಆ ಪರೀಕ್ಷೆಗಳಿಗೆ ಅವಳು ಮನೆಯಲ್ಲಿ ಕುಳಿತೇ ಓದಲು ಆರಂಭಿಸಬಹುದು. ಸರ್ಕಾರಿ ವ್ಯವಸ್ಥೆಯಲ್ಲಿ ಕಲಿಯುವ ಮನಸ್ಸಿದ್ದರೆ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ, ಅಲ್ಲಿಗೆ ಅವಳ ತಂದೆತಾಯಿಯನ್ನು ಕರೆದುಕೊಂಡೇ ಹೋಗಿ ವಿಚಾರಿಸಿ. ಬೇರೆ ಸಂಸ್ಥೆಗಳನ್ನು ನೋಡುವುದಾದರೆ ಅಲ್ಲಿ ಹಾರಾಟಕ್ಕೆ ಸಿದ್ಧವಿರುವ ವಿಮಾನಗಳೆಷ್ಟು, ಬೋಧಕರೆಷ್ಟು, 200 ಗಂಟೆ ಮುಗಿಸಲು ಹಿಂದಿನ ತಂಡದವರಿಗೆ ಎಷ್ಟು ತಿಂಗಳು ಹಿಡಿಯಿತು ಎಂದು ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಿ, ಕಚೇರಿಯವರ ಮಾತೊಂದನ್ನೇ ನಂಬಬೇಡಿ. ವೈದ್ಯಕೀಯ ಪರೀಕ್ಷೆ ಆದ ಮೇಲೆ ಇಲ್ಲಿಯೇ ಬರೆಯಿರಿ, ಮುಂದಿನ ಅರ್ಜಿಗಳ ಬಗ್ಗೆ ಹೇಳುತ್ತೇನೆ.